ಹೆಮ್ಸಿಯ ಹೆಸರಿನ ಗುರುವಾರಗಳು

ಮೂರು ತಿಂಗಳಿಗೊಮ್ಮೆ ಉಗುಳಬೇಕು. ಪ್ಲಾಸ್ಟಿಕ್ ನಳಿಗೆಯೊಳಗೆ. ಗೆರೆ ಮುಟ್ಟುವ ತನಕ. ನೊರೆ ಲೆಕ್ಕಕ್ಕಿಲ್ಲ.

ಜಿಯೆಟಾ ಶಾಲೆಯ ನರ್ಸ್ ಕೋಣೆಯಲ್ಲಿ ತಲೆ ತಗ್ಗಿಸಿ ಕುಳಿತು ಉಗುಳುತ್ತಿದ್ದಳು. ಬೆಳಗಿನಿಂದ ನೀರು ಕುಡಿಯಬೇಡ ಎಂದಿದ್ದರು. ಬಾಯಿ ಒಣಗಿತ್ತು. ಎದುರಿಗೆ ನಿಂತಿದ್ದ ಯೂನಿವರ್ಸಿಟಿ ಹುಡುಗಿ ಕೈಗೆ ಗವಸು ಹಾಕಿಕೊಂಡು, "ನಿಂಬೆಹಣ್ಣು ನೆನೆಸ್ಕೋ, ನೀರೂರುತ್ತೆ" ಎಂದಳು. ಜಿಯೆಟಾ ನಿಂಬೆಹಣ್ಣು ನೆನೆಸಿಕೊಂಡಳು. ಏನೂ ಊರಲಿಲ್ಲ. ಅವಳಿಗೆ ಮೂರು ವರ್ಷದಿಂದ ಯಾವುದನ್ನು ನೆನೆಸಿಕೊಂಡರೂ ಏನೂ ಊರುತ್ತಿರಲಿಲ್ಲ. ಕಣ್ಣಲ್ಲೂ ಇಲ್ಲ.

ಗೆರೆ ಮುಟ್ಟಲು ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಪ್ರಶ್ನೆಗಳು. ನಲವತ್ತಾರು. ಕಳೆದ ಎರಡು ವಾರದಲ್ಲಿ ಎಷ್ಟು ಸಲ ಸಿಟ್ಟು ಬಂತು? ಎಷ್ಟು ರಾತ್ರಿ ನಿದ್ದೆ ಬರಲಿಲ್ಲ? ಯಾರನ್ನಾದರೂ ಹೊಡೆದೆಯಾ? ಒಂಬತ್ತನೆಯ ಪ್ರಶ್ನೆ: ಮನಸ್ಸಿನ ಮಾತು ಹೇಳಿಕೊಳ್ಳಲು ನಿನಗೆ ಯಾರಾದರೂ ದೊಡ್ಡವರು ಇದ್ದಾರೆಯೇ? ಹಿಂದಿನ ಆರು ಸಲವೂ ಜಿಯೆಟಾ 'ಯಾರೂ ಇಲ್ಲ' ಎಂಬ ಚೌಕಕ್ಕೆ ಗುರುತು ಹಾಕಿದ್ದಳು. ಈ ಸಲ ಪೆನ್ಸಿಲ್ ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ನಿಜ ಬರೆದರೆ ಸಿಕ್ಕಿಬೀಳುತ್ತಿದ್ದಳು. ಏಳನೆಯ ಸಲವೂ 'ಯಾರೂ ಇಲ್ಲ' ಎಂದೇ ಹಾಕಿ ಎದ್ದಳು.

ಊರು ಅಮೆರಿಕದ ಅರ್ಕನ್ಸಾದ್ದು. ಕೋಳಿ ಕಾರ್ಖಾನೆಯ ಊರು. ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಿಂದ ಬಂದ ಜನ ಅಲ್ಲಿ ಸಾವಿರಗಟ್ಟಲೆ ಇದ್ದಾರೆ. ಸಮುದ್ರದ ಜನ. ಸಮುದ್ರವೇ ಇಲ್ಲದ ಊರಿನಲ್ಲಿ ನಿಂತು ಕೋಳಿ ಕಡಿಯುತ್ತಾರೆ. ಈ ಜನರ ಮಕ್ಕಳು ಶಾಲೆ ಬಿಡುತ್ತಾರೆ, ಜಗಳವಾಡುತ್ತಾರೆ, ಸಣ್ಣ ವಯಸ್ಸಿಗೇ ಸಕ್ಕರೆ ಕಾಯಿಲೆ ಹತ್ತಿಸಿಕೊಳ್ಳುತ್ತಾರೆ ಎಂದು ಯೂನಿವರ್ಸಿಟಿಗೆ ಚಿಂತೆಯಾಯಿತು. ಹದಿಹರೆಯದವರ ನಡತೆ, ಆರೋಗ್ಯ, ನೆಮ್ಮದಿ ಮೂರನ್ನೂ ಒಟ್ಟಿಗೆ ಸುಧಾರಿಸುವ ಒಂದು ಅಧ್ಯಯನ ಶುರುಮಾಡಿದರು. ಹೆಸರು 'ಹೊಸ ಹೆಜ್ಜೆ'. ಕಾರ್ಖಾನೆಯ ಹೆಜ್ಜೆ ಯಾರೂ ಸುಧಾರಿಸಲಿಲ್ಲ. ನಿಮಿಷಕ್ಕೆ ನಲವತ್ತು ರೆಕ್ಕೆ ಕತ್ತರಿಸುವ ಅಮ್ಮಂದಿರ ನೆಮ್ಮದಿಯನ್ನು ಯಾರೂ ಅಳೆಯಲಿಲ್ಲ.

ಇನ್ನೂರು ಮಕ್ಕಳ ಹೆಸರು ಬರೆದುಕೊಂಡರು. ಕಂಪ್ಯೂಟರ್ ಚೀಟಿ ಎತ್ತಿತು. ನೂರು ಮಕ್ಕಳಿಗೆ ಗುರುವಾರ ಸಂಜೆ ಬಿಸಿ ಊಟ, ವಾಲಿಬಾಲ್, ಹಲ್ಲಿನ ಡಾಕ್ಟರು, ಮತ್ತು ಬಾಗಿಲು ಹಾಕಿಕೊಂಡು ಒಬ್ಬ ಆಪ್ತಸಮಾಲೋಚಕಿಯ ಜೊತೆ ಒಂದು ಗಂಟೆ ಮಾತು. ಉಳಿದ ನೂರು ಮಕ್ಕಳಿಗೆ ಬರೀ ಉಗುಳುವ ನಳಿಗೆ, ನಲವತ್ತಾರು ಪ್ರಶ್ನೆ. ಉಗುಳಿನಲ್ಲಿ ಮನಸ್ಸಿನ ಒತ್ತಡ ತಿಳಿಯುತ್ತದಂತೆ. ಕೈಗೆ ಕಪ್ಪು ಪಟ್ಟಿ ಮಾತ್ರ ಎರಡೂ ಗುಂಪಿಗೆ. ಅದು ಹಗಲೂ ರಾತ್ರಿ ಎದೆಬಡಿತ ಎಣಿಸುತ್ತದೆ.

ಜಿಯೆಟಾ ಎರಡನೆಯ ಗುಂಪಿಗೆ ಬಿದ್ದಳು. ಆ ಗುಂಪಿನ ಹೆಸರು ಕಂಟ್ರೋಲ್. ಚಿಕ್ಕಮ್ಮ ನೈವಾನ್ ಚರ್ಚಿನಲ್ಲಿ ಎಲ್ಲರ ಮುಂದೆ ಹೇಳಿಕೊಂಡು ಬಂದಳು, "ನಮ್ಮ ಜಿಯೆಟಾನ ಕಂಟ್ರೋಲಿಗೆ ಆರಿಸಿದಾರೆ. ಬಾಯಿ, ಕೈ ಎಲ್ಲಾ ಕಂಟ್ರೋಲಲ್ಲಿ ಇಟ್ಕೊಂಡಿರೋ ಮಕ್ಕಳನ್ನೇ ಅದಕ್ಕೆ ತಗೊಳ್ಳೋದಂತೆ. ನನ್ನ ಮಗಳು ಹೆಮ್ಸಿ ನೋಡಿ, ತಿದ್ದೋ ಗುಂಪಿಗೆ ಹೋದ್ಲು. ಆ ಬಾಯಿಗೆ ಇನ್ನೆಲ್ಲಿ ಹಾಕ್ತಾರೆ!" ಜನ ಚಪ್ಪಾಳೆ ತಟ್ಟಿದರು. ಜಿಯೆಟಾಗೆ ಅರ್ಥ ಗೊತ್ತಿತ್ತು, ಏನೂ ಕೊಡದೆ ಬರೀ ಅಳೆಯುವ ಗುಂಪು. ಅವಳು ಬಾಯಿ ಬಿಡಲಿಲ್ಲ.

ಜಿಯೆಟಾ, ಹೆಮ್ಸಿ ಅಕ್ಕತಂಗಿಯರ ಮಕ್ಕಳು. ಇಬ್ಬರಿಗೂ ಹದಿನೈದು. ಒಂದೇ ಮನೆ, ಒಂದೇ ಚಾಪೆ. ಒಂದೇ ಮನೆಯ ಮಕ್ಕಳನ್ನು ಬೇರೆ ಬೇರೆ ಗುಂಪಿಗೆ ಹಾಕುವಂತಿಲ್ಲ ಎಂಬುದು ಅಧ್ಯಯನದ ನಿಯಮ. ಆದರೆ ಹೆಮ್ಸಿ ಹೆಸರು ಕೊಡುವಾಗ ಅವಳಪ್ಪನ ಮನೆಯಲ್ಲಿದ್ದಳು, ಆ ವಿಳಾಸವೇ ಕಾಗದಕ್ಕೆ ಏರಿತು. ಆಮೇಲೆ ಈ ಮನೆಗೆ ಬಂದಳು. ಈ ಜನರಲ್ಲಿ ಮಕ್ಕಳು ಹಾಗೆಯೇ, ಯಾರ ಮನೆಯಲ್ಲಿ ಅನ್ನ ಬೆಂದಿದೆಯೋ ಅಲ್ಲಿರುತ್ತಾರೆ.

ಆ ಮನೆಯಲ್ಲಿ ಹನ್ನೊಂದು ಜನ. ಬಾಗಿಲಲ್ಲಿ ಚಪ್ಪಲಿ ರಾಶಿ. ಹೊರಗೆ ಹೋಗುವವರು ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡು ಹೋಗುತ್ತಾರೆ, ಇದು ನನ್ನದು ಎಂದವರನ್ನು ನೋಡಿ ನಗುತ್ತಾರೆ. ಒಳಗೆ ಬಂದದ್ದೆಲ್ಲ ಎಲ್ಲರದ್ದು. ಗುರುವಾರದ ಊಟವನ್ನೂ ಹೆಮ್ಸಿ ಪೇಪರ್ ಕರವಸ್ತ್ರದಲ್ಲಿ ಸುತ್ತಿ ತರುತ್ತಿದ್ದಳು.

ಜಿಯೆಟಾಳ ಅಮ್ಮ ಲಿತಾ ಕೊರೋನಾ ವರ್ಷದಲ್ಲಿ ಸತ್ತಳು. ರೆಕ್ಕೆ ಕತ್ತರಿಸುವ ಸಾಲಿನಲ್ಲಿ ಅವಳ ಎಡಕ್ಕಿದ್ದವಳು ಕೆಮ್ಮಿದಳು, ಬಲಕ್ಕಿದ್ದವಳು ಕೆಮ್ಮಿದಳು, ಸಾಲು ನಿಲ್ಲಲಿಲ್ಲ. ಹನ್ನೊಂದು ದಿನ ಆಸ್ಪತ್ರೆ. ಒಳಗೆ ಯಾರನ್ನೂ ಬಿಡಲಿಲ್ಲ. ಪೆಟ್ಟಿಗೆ ಮುಚ್ಚಿಯೇ ಬಂತು. ಆಗ ಜಿಯೆಟಾಗೆ ಹನ್ನೆರಡು. ಅವಳು ಅಳಲಿಲ್ಲ. ಮರುದಿನವೂ ಅಳಲಿಲ್ಲ. ಶಾಲೆಗೆ ಹೋದಳು, ಬಂದಳು, ಪಾತ್ರೆ ತೊಳೆದಳು. ಮಲಗಿದರೆ ನಿದ್ದೆ ಬರುತ್ತಿರಲಿಲ್ಲ. ಎಲ್ಲರೂ ಎಷ್ಟು ಗಟ್ಟಿ ಹುಡುಗಿ ಎಂದು ಹೊಗಳಿದರು. ಗಟ್ಟಿ ಅಲ್ಲ, ಮರಗಟ್ಟಿದ್ದಳು. ಅದು ಹೆಮ್ಸಿಗೆ ಮಾತ್ರ ಗೊತ್ತಿತ್ತು, ಒಂದೇ ಚಾಪೆಯವಳಲ್ಲವೇ.

ಮಾರ್ಚಿನಲ್ಲಿ ಹಳೆಯ ಸಮಾಲೋಚಕಿ ಕೆಲಸ ಬಿಟ್ಟು ಹೊಸಬರು ಬಂದರು. ಮಿಸ್ ಒಡೆಲ್. ವಯಸ್ಸಾದ ಕಪ್ಪು ಹೆಂಗಸು, ಮಂಡಿನೋವಿಗೆ ಊರುಗೋಲು ಹಿಡಿದವರು. ಅವತ್ತು ಹೆಮ್ಸಿ ಜಿಯೆಟಾಳ ಕೈ ಹಿಡಿದು ಪಟ್ಟಿ ಬಿಚ್ಚತೊಡಗಿದಳು.

"ಏನೇ ಮಾಡ್ತಿದೀಯ?"

"ನನ್ನ ಪಟ್ಟಿ ನೀ ಹಾಕ್ಕೋ, ನಿಂದು ನಾ ಹಾಕ್ಕೋತೀನಿ. ಆಯಮ್ಮ ನನ್ನ ಮುಖ ಇನ್ನೂ ನೋಡಿಲ್ಲ. ನೀ ಹೋಗಿ ಮಾತಾಡು. ಐದು ಗಂಟೆಗೆ ವಾಪಸ್ ಬದಲಾಯಿಸ್ಕೊಳ್ಳೋಣ, ನಂಗೆ ವಾಲಿಬಾಲ್ ಇದೆ."

"ನನಗೆ ಮಾತಾಡಕ್ಕೆ ಏನಿದೆ?"

"ಹಂಗಾದ್ರೆ ಸುಮ್ನೆ ಕೂತಿದ್ದು ಬಾ. ನಂಗಂತೂ ಅಲ್ಲಿ ಒಂದು ಗಂಟೆ ಹೇಳ್ಕೊಳಕ್ಕೆ ಕಷ್ಟಾನೇ ಇಲ್ಲ ಕಣೇ. ಹೋದ ಸಲ ನಮ್ಮ ನಾಯಿ ಸತ್ತೋಯ್ತು ಅಂತ ಸುಳ್ಳು ಹೇಳಿ ಅತ್ತೆ. ನಮಗೆ ನಾಯೀನೇ ಇಲ್ಲ!"

ಜಿಯೆಟಾ ಹೋದಳು. ಮೊದಲ ಗುರುವಾರ ಸುಮ್ಮನೆ ಕೂತಳು. ಮಿಸ್ ಒಡೆಲ್ ಕೂಡ ಸುಮ್ಮನೆ ಕೂತರು. ಎರಡನೆಯದೂ ಹಾಗೆಯೇ ಹೋಯಿತು. ಮೂರನೆಯ ಗುರುವಾರ ಜಿಯೆಟಾ, "ನಮ್ಮ ದೊಡ್ಡಮ್ಮ ಸತ್ತೋದ್ರು" ಎಂದಳು. ಅಲ್ಲಿ ಅವಳು ಹೆಮ್ಸಿ ತಾನೇ! ಹೆಮ್ಸಿಯ ಅಮ್ಮ ಬದುಕಿದ್ದಾಳೆ. ಅದಕ್ಕೇ ತನ್ನ ಹೆತ್ತಮ್ಮನನ್ನು ದೊಡ್ಡಮ್ಮ ಮಾಡಿ ಹೇಳಬೇಕಾಯಿತು. ದೊಡ್ಡಮ್ಮನ ಕೆಮ್ಮು, ದೊಡ್ಡಮ್ಮನ ಬೂಟು, ದೊಡ್ಡಮ್ಮ ಹಾಡುತ್ತಿದ್ದ ಹಾಡು. ಅರ್ಧ ಸುಳ್ಳಾದರೂ ಹೇಳಿದ ರಾತ್ರಿ ನಾಲ್ಕು ಗಂಟೆ ನಿದ್ದೆ ಬಂತು. ಇಪ್ಪತ್ತೊಂಬತ್ತು ಗುರುವಾರ ಹೀಗೆ ನಡೆಯಿತು. ಒಂದು ಮಾತು ಮಾತ್ರ ದೊಡ್ಡಮ್ಮನ ಹೆಸರಲ್ಲಿ ಹೇಳಲು ಬರುವಂತಿರಲಿಲ್ಲ.

ಹಿಡಿದುಕೊಟ್ಟದ್ದು ಪಟ್ಟಿ. ನವೆಂಬರಿನ ಒಂದು ಶನಿವಾರ ಅಧ್ಯಯನದ ಮೇಲ್ವಿಚಾರಕಿ ಮಿಸ್ ಕೋಲ್ ಮನೆಗೆ ಬಂದರು. ಜೊತೆಗೆ ಜೋರ್ಲಾಂಗ್. ಅವನು ಈ ಜನರವನೇ, ಯೂನಿವರ್ಸಿಟಿಯ ಸಂಬಳಕ್ಕೆ ದುಭಾಷಿ. ಚಪ್ಪಲಿ ರಾಶಿಯ ಹತ್ತಿರ ಜೋರ್ಲಾಂಗ್ ಬೂಟು ಬಿಚ್ಚಿದ. ಮಿಸ್ ಕೋಲ್ ಹಾಗೇ ಒಳಗೆ ಬಂದು ಸೋಫಾದ ತುದಿಯಲ್ಲಿ ಕೂತರು. ಅಜ್ಜಿ, ಮಕ್ಕಳೆಲ್ಲ ಬುಬು ಎಂದು ಕರೆಯುವವಳು, ಎಪ್ಪತ್ತೆಂಟು ವರ್ಷದವಳು, ನೆಲದ ಚಾಪೆಯ ಮೇಲೆ ಕೂತು ಅನ್ನ, ಕೋಳಿ ಬಡಿಸಿ ತಟ್ಟೆ ಮುಂದೆ ತಳ್ಳಿದಳು. ಮಿಸ್ ಕೋಲ್ ನಗುತ್ತಾ, "ಕ್ಷಮಿಸಿ, ಭಾಗವಹಿಸುವವರಿಂದ ಏನೂ ತಗೊಳ್ಳಬಾರದು ಅಂತ ನಿಯಮ" ಎಂದರು.

"ಉಗುಳು ತಗೋಬಹುದೇನೋ" ಎಂದಳು ಹೆಮ್ಸಿ, ತನ್ನ ಭಾಷೆಯಲ್ಲಿ. ಜೋರ್ಲಾಂಗ್ ಅದನ್ನು ತರ್ಜುಮೆ ಮಾಡಲಿಲ್ಲ.

ಮಿಸ್ ಕೋಲ್ ಲ್ಯಾಪ್‌ಟಾಪ್ ತೆರೆದು ಎರಡು ಗೆರೆ ತೋರಿಸಿದರು. ಹೆಮ್ಸಿಯದು ಆಟಗಾರ್ತಿಯ ಎದೆ, ನಿಮಿಷಕ್ಕೆ ಅರವತ್ತೆರಡು. ಜಿಯೆಟಾಳದು ಸುಮ್ಮನೆ ಕೂತರೂ ತೊಂಬತ್ತು. ಗುರುವಾರ ನಾಲ್ಕರಿಂದ ಐದರ ತನಕ ಎರಡೂ ಗೆರೆ ಅದಲುಬದಲು. ಮಾತಿನ ಚಿಕಿತ್ಸೆಯಿಂದ ಮಕ್ಕಳ ಎದೆಬಡಿತ ಮೊದಲು ಏರುತ್ತದೆ ಎಂದು ಇದನ್ನೇ ನೋಡಿ ಅವರ ಪ್ರೊಫೆಸರು ಒಂದು ಸಭೆಯಲ್ಲಿ ಪ್ರಬಂಧ ಓದಿ ಬಂದಿದ್ದರಂತೆ. ಪಾಪ, ಕೈ ಹಿಸುಕಿಕೊಂಡಿರಬೇಕು.

"ಯಾರ ಮೇಲೂ ನಮಗೆ ಸಿಟ್ಟಿಲ್ಲ" ಎಂದರು ಮಿಸ್ ಕೋಲ್. ನಿಜವಾಗಿಯೂ ಅವರಿಗೆ ಸಿಟ್ಟಿರಲಿಲ್ಲ. ದನಿ ಎಷ್ಟು ಮೆತ್ತಗಿತ್ತೆಂದರೆ ಜಿಯೆಟಾಗೆ ನರ್ಸ್ ಕೋಣೆಯ ಗವಸು ನೆನಪಾಯಿತು. "ಒಂದು ತೊಂದರೆ ಆಗಿದೆ, ಅಷ್ಟೆ. ಜಿಯೆಟಾಗೆ ಯಾವ ಸಹಾಯವೂ ತಲುಪಬಾರದಿತ್ತು. ತಲುಪಿಬಿಟ್ಟಿದೆ. ಹೀಗಾದಾಗ ನಾವು, ಈ ಮಗು ಕಂಟಾಮಿನೇಟ್ ಆಗಿದೆ ಅಂತೀವಿ."

ಜೋರ್ಲಾಂಗ್ ತಡವರಿಸಿದ. ಆ ಪದಕ್ಕೆ ಸರಿಯಾದ ಮಾತು ಹುಡುಕಿದ. ಕೆಟ್ಟುಹೋಗಿದೆ, ಕಲಬೆರಕೆಯಾಗಿದೆ, ಮುಟ್ಟಬೇಡಿ, ಮೂರನ್ನೂ ಒಟ್ಟಿಗೆ ಹೇಳುವ ಪದ. ನಮ್ಮಲ್ಲಿ ಮೈಲಿಗೆ ಎಂದರೆ ಸರಿಹೋಗುತ್ತದೆ.

"ಹುಡುಕಬೇಡ ಬಿಡೋ" ಎಂದಳು ಬುಬು. "ಆ ಪದ ನನಗೆ ಗೊತ್ತು."

ಬುಬುಗೆ ಇಂಗ್ಲಿಷ್ ಬರುವುದಿಲ್ಲ. ಇಪ್ಪತ್ತು ವರ್ಷದಿಂದ ಈ ಊರಲ್ಲಿದ್ದರೂ ಅಂಗಡಿಯಲ್ಲಿ ಬೆರಳು ತೋರಿಸಿ ಸಾಮಾನು ತರುವವಳು. ಮಿಸ್ ಕೋಲ್ ಜೋರ್ಲಾಂಗನ ಮುಖ ನೋಡಿದರು.

"ನಂಗೆ ಒಂಬತ್ತು ವರ್ಷ" ಎಂದಳು ಬುಬು. "ಅಮೆರಿಕದವರು ಪರೀಕ್ಷೆಗೆ ಅಂತ ಅಣುಬಾಂಬ್ ಹಾಕಿದ್ರಲ್ಲ, ಆಗ. ನಮ್ಮ ದ್ವೀಪದ ಮೇಲೆ ಬಿಳೀ ಪುಡಿ ಬಿತ್ತು. ನಾವು ಮಕ್ಕಳು ಅದ್ರಲ್ಲಿ ಆಟ ಆಡಿದ್ವಿ, ನಾಲಿಗೇಗೂ ಇಟ್ಕೊಂಡ್ವಿ. ಎರಡು ದಿನ ಆದ್ಮೇಲೆ ಹಡಗು ಬಂತು. ಟಿಕ್ ಟಿಕ್ ಅನ್ನೋ ಪೆಟ್ಟಿಗೆ ಹಿಡ್ಕೊಂಡು ಸಿಪಾಯಿಗಳು ಬಂದ್ರು. ನನ್ನ ತಲೆ ಹತ್ರ ಹಿಡಿದ್ರು, ಈ ಪದ ಅಂದ್ರು. ನಮ್ಮಮ್ಮನ ಹೊಟ್ಟೆ ಹತ್ರ ಹಿಡಿದ್ರು, ಇದೇ ಪದ. ಬಟ್ಟೆ ಬಿಚ್ಚಿಸಿದ್ರು ಎಲ್ಲರ ಮುಂದೆ. ನಮ್ಮಮ್ಮನ್ನ, ನಮ್ಮಪ್ಪನ ಎದುರಿಗೆ. ಆಮೇಲೆ ವರ್ಷಾ ವರ್ಷಾ ಡಾಕ್ಟರುಗಳು ಬರೋರು. ಎದೆ ಮೇಲೆ ನಂಬರಿನ ಹಲಗೆ ಹಿಡಿಸಿ ಫೋಟೋ ಹಿಡಿಯೋರು. ರಕ್ತ ತಗೊಳ್ಳೋರು, ಉಚ್ಚೆ ತಗೊಳ್ಳೋರು. ನನ್ನ ಗಂಟಲಲ್ಲಿ ಗಡ್ಡೆ ಬೆಳೀತು. ಅದನ್ನೂ ತಗೊಂಡ್ರು. ಏನಾಗಿದೆ ಅಂತ ಕೇಳಿದ್ರೆ, ಬರ್ಕೋತಿದೀವಿ ಅಂದ್ರು. ಹೇಳೋ ಜೋರ್ಲಾಂಗ್, ಇದನ್ನ ಹೇಳು. ಇಷ್ಟೂ ಹೇಳು, ಒಂದೂ ನುಂಗಬೇಡ."

ಜೋರ್ಲಾಂಗ್ ನೆಲ ನೋಡುತ್ತಾ ಅಷ್ಟನ್ನೂ ಹೇಳಿದ. ಮಿಸ್ ಕೋಲರ ಕಣ್ಣು ಒದ್ದೆಯಾಯಿತು. "ಅದು ತುಂಬಾ ದುಃಖದ ಇತಿಹಾಸ" ಎಂದರು. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದು ಅಂಕಿಅಂಶದ ಪದ." ಆಮೇಲೆ ಬಂದ ಕೆಲಸಕ್ಕೆ ಇಳಿದರು. ಅಧ್ಯಯನ ಮುಗಿಯಲು ಇನ್ನು ಎಂಟು ತಿಂಗಳು. ಅಲ್ಲಿಯವರೆಗೆ ಇಬ್ಬರು ಹುಡುಗಿಯರೂ ಬೇರೆ ಬೇರೆ ಮನೆಯಲ್ಲಿ ಇರಲು ಸಾಧ್ಯವೇ? ಹೆಮ್ಸಿಯನ್ನು ಅವಳಪ್ಪನ ಮನೆಗೆ ಕಳಿಸಿದರೆ ಅವಳ ಗುರುವಾರಗಳು ಉಳಿಯುತ್ತವೆ. ಜಿಯೆಟಾ ಮೊದಲಿನಂತೆ ಉಗುಳಿ, ಬರೆದುಕೊಟ್ಟರೆ ಸಾಕು. ಒಟ್ಟಿಗೆ ಇದ್ದರೆ ಇಬ್ಬರನ್ನೂ ಕೈಬಿಡಬೇಕಾಗುತ್ತದೆ.

"ಅನ್ನ ಒಟ್ಟಿಗೆ ತಿಂದ್ರೆ ಮೈಲಿಗೇನಾ?" ಎಂದಳು ಬುಬು.

ಜಿಯೆಟಾ ಗೋಡೆಗೆ ಒರಗಿ ನಿಂತಿದ್ದಳು. ಅವಳಿಗೆ ಒಳಗೆ ಏನೂ ಆಗುತ್ತಿರಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು ಅನಿಸಿತು, ಅಷ್ಟೆ. ಕೇಳಿದಳು, ಇಂಗ್ಲಿಷಿನಲ್ಲೇ.

"ಒಂಬತ್ತನೇ ಪ್ರಶ್ನೆ ನೀವು ಓದ್ತೀರಾ?"

"ಎಲ್ಲಾ ಓದ್ತೀವಿ."

"ನಾನು ಏಳು ಸಲ ಯಾರೂ ಇಲ್ಲ ಅಂತ ಬರೆದಿದೀನಿ."

"ಗೊತ್ತು ಮಗು. ಅದಕ್ಕೇ ನಿನ್ನ ಉತ್ತರ ನಮಗೆ ತುಂಬಾ ಬೆಲೆಬಾಳೋದು. ಸಹಾಯ ಸಿಗದ ಮಕ್ಕಳು ಹೇಗಿರ್ತಾರೆ ಅಂತ ಗೊತ್ತಾಗದೆ, ಸಹಾಯ ಸಿಕ್ಕವರಿಗೆ ಎಷ್ಟು ಒಳ್ಳೇದಾಯ್ತು ಅಂತ ಹೇಳೋದು ಹೇಗೆ?"

ಅಡುಗೆಮನೆಯಲ್ಲಿ ಅನ್ನದ ಕುಕ್ಕರ್ ಟಕ್ ಎಂದು ಆರಿತು.

ಜಿಯೆಟಾ ಕೈಯ ಪಟ್ಟಿ ಬಿಚ್ಚಿದಳು. ಎರಡು ವರ್ಷ ಬಿಗಿದ ಜಾಗದಲ್ಲಿ ಚರ್ಮ ಬೆಳ್ಳಗಾಗಿ ಸುಕ್ಕಾಗಿತ್ತು. ಪಟ್ಟಿಯನ್ನು ಲ್ಯಾಪ್‌ಟಾಪಿನ ಮೇಲೆ ಇಟ್ಟಳು. "ನಾನು ಬರೆದುಕೊಟ್ಟಿದ್ದೆಲ್ಲಾ ವಾಪಸ್ ಕೊಡಿ" ಎಂದಳು.

"ಅದು ಸಾಧ್ಯ ಇಲ್ಲ ಮಗು. ಅದರ ಮೇಲೆ ನಿನ್ನ ಹೆಸರೇ ಇಲ್ಲ. ಬರೀ ಒಂದು ನಂಬರು."

"ಆ ನಂಬರಿಗೆ ಅಮ್ಮ ಸತ್ತಿದ್ಲಾ?"

ಮಿಸ್ ಕೋಲ್ ಜೋರ್ಲಾಂಗನ ಕಡೆ ತಿರುಗಿದರು. ತರ್ಜುಮೆ ಮಾಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಬುಬು ಯಾರನ್ನೂ ಯಾವ ಮನೆಗೂ ಕಳಿಸಲಿಲ್ಲ. ಮಿಸ್ ಕೋಲ್ ಹೆಮ್ಸಿಯ ಪಟ್ಟಿಯನ್ನೂ ಕೇಳಿ ತೆಗೆದುಕೊಂಡು ಹೋದರು. ಕಾರು ತಿರುವು ದಾಟುವವರೆಗೂ ಹೆಮ್ಸಿ ತಡೆದುಕೊಂಡಳು, ಆಮೇಲೆ ಜಿಯೆಟಾಳ ಮೇಲೆ ಹರಿಹಾಯ್ದಳು.

"ಸುಮ್ನೆ ಇರಕ್ಕೆ ಆಗ್ತಿರ್ಲಿಲ್ವಾ ನಿಂಗೆ? ಎಂಟು ತಿಂಗಳು ನಮ್ಮಪ್ಪನ ಮನೇಲಿ ಇರ್ತಿದ್ದೆ! ಟೀಮಲ್ಲಿ ನಾನೇ ಕ್ಯಾಪ್ಟನ್ ಕಣೇ! ನನ್ನ ಹಲ್ಲಿನ ಕೆಲಸ ಅರ್ಧಕ್ಕೇ ನಿಂತೋಯ್ತು!"

"ಹೂಂ" ಎಂದಳು ಜಿಯೆಟಾ.

"ಏನು ಹೂಂ? ಬೈಯಾದ್ರೂ ಬೈಯೇ! ಕಲ್ಲು ಕಣೇ ನೀನು!"

ಐದು ದಿನ ಇಬ್ಬರೂ ಮಾತಾಡಲಿಲ್ಲ. ಮಲಗಿದ್ದು ಮಾತ್ರ ಅದೇ ಚಾಪೆಯ ಮೇಲೆ. ಜಿಯೆಟಾಗೆ ಆ ಐದು ರಾತ್ರಿಯೂ ನಿದ್ದೆ ಬರಲಿಲ್ಲ.

ಗುರುವಾರ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಅವಳು ಲೈಬ್ರರಿಯ ಹಿಂದಿನ ಸಭಾಂಗಣಕ್ಕೆ ನಡೆದಳು. ಬಾಗಿಲಲ್ಲಿ ಮಕ್ಕಳು ಒಬ್ಬೊಬ್ಬರೇ ಪಟ್ಟಿ ತೋರಿಸಿ ಒಳಗೆ ಹೋಗುತ್ತಿದ್ದರು. ಪಟ್ಟಿ ನೋಡುವ ಹುಡುಗಿ ಅಡ್ಡ ಕೈ ಹಿಡಿದಳು. ಜಿಯೆಟಾ ಕೈಯ ಕೆಳಗೆ ತಲೆ ಬಗ್ಗಿಸಿ ಒಳಗೆ ನುಗ್ಗಿದಳು. ಓಡಲಿಲ್ಲ. ನಡೆದೇ ಹೋದಳು. ಮಿಸ್ ಒಡೆಲರ ಕೋಣೆಯಲ್ಲಿ ಯಾವಾಗಲೂ ಕೂರುವ ಕುರ್ಚಿಯಲ್ಲಿ ಕೂತಳು.

ಮಿಸ್ ಒಡೆಲ್ ಎದ್ದು ನಿಂತರು. "ನೀನು ಲಿಸ್ಟಲ್ಲಿಲ್ಲ ಮಗು. ನಿನ್ನ ಜೊತೆ ಮಾತಾಡಬಾರದು ಅಂತ ನನ್ನ ಕೈಲಿ ಸಹಿ ಹಾಕಿಸ್ಕೊಂಡಿದಾರೆ."

"ನೀವು ಮಾತಾಡ್ಬೇಡಿ."

"ನೀನು ಹೆಮ್ಸಿ ಅಲ್ಲ ಅಂತ ನನಗೆ ಏಪ್ರಿಲಲ್ಲೇ ಗೊತ್ತಾಯ್ತು. ಅಂಗಳದಲ್ಲಿ ಯಾರೋ ಹೆಮ್ಸಿ ಅಂತ ಕೂಗಿದ್ರು, ಬೇರೆ ಹುಡುಗಿ ತಿರುಗಿದ್ಲು."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ನಿಲ್ಲಿಸ್ತಿದ್ರು. ಈಗ ನನ್ನನ್ನೂ ನಿಲ್ಲಿಸ್ತಾರೆ." ಅವರು ಕೋಲು ಊರಿಕೊಂಡು ಬಾಗಿಲ ಕಡೆ ನೋಡಿದರು.

ಬಾಗಿಲಲ್ಲಿ ಮಿಸ್ ಕೋಲ್ ನಿಂತಿದ್ದರು. ಓಡಿ ಬಂದು ಏದುಸಿರು. "ಜಿಯೆಟಾ, ಎದ್ದು ಬಾ. ನಿನಗೆ ಬೇರೆ ಕಡೆ ಏನಾದ್ರೂ ಏರ್ಪಾಟು ಮಾಡಕ್ಕಾಗುತ್ತಾ ನೋಡ್ತೀನಿ, ಒಂದು ಅರ್ಜಿ ಕೊಡೋಣ. ಇಲ್ಲಿ ಮಾತ್ರ ಬೇಡ. ದಯವಿಟ್ಟು. ನಾನು ಗಾರ್ಡನ್ನ ಕರೀಬೇಕಾಗುತ್ತೆ."

"ಕರೀರಿ" ಎಂದಳು ಜಿಯೆಟಾ. ದನಿ ಏರಲಿಲ್ಲ. "ನಾನು ಹೇಳಿ ಮುಗಿಸೋವರೆಗೆ ಏಳಲ್ಲ."

ಮಿಸ್ ಕೋಲ್ ಫೋನ್ ಕಿವಿಗಿಟ್ಟರು. ಮಿಸ್ ಒಡೆಲ್ ಊರುಗೋಲನ್ನು ಗೋಡೆಗೆ ಒರಗಿಸಿ ಎದುರಿನ ಕುರ್ಚಿಯಲ್ಲಿ ಕೂತರು. ಮೇಜಿನ ಮೇಲಿದ್ದ ಟಿಪ್ಪಣಿ ಪುಸ್ತಕ ಮುಚ್ಚಿದರು.

"ನನ್ನ ಹೆಸರು ಜಿಯೆಟಾ. ಸತ್ತೋಗಿದ್ದು ನಮ್ಮ ದೊಡ್ಡಮ್ಮ ಅಲ್ಲ. ನಮ್ಮಮ್ಮ."

ಹೊರಗೆ ಗಾರ್ಡನ ಬೂಟಿನ ಸದ್ದು ಕೇಳಿಸಿತು. ಜಿಯೆಟಾ ಬಾಗಿಲ ಕಡೆ ನೋಡಲಿಲ್ಲ. ಮಾತು ಒಂದೊಂದಾಗಿ ಬಂತು.

"ಹನ್ನೊಂದನೇ ದಿನ ಆಸ್ಪತ್ರೇಲಿ ನರ್ಸು ಅಮ್ಮನ ಬಾಯಿ ಹತ್ರ ಫೋನ್ ಹಿಡಿದ್ರು. ಅಮ್ಮನಿಗೆ ಮಾತಾಡಕ್ಕೆ ಉಸಿರಿರ್ಲಿಲ್ಲ. ಒಂದೇ ಒಂದು ಕೇಳಿದ್ಲು. ಅಕ್ಕಿ ತೊಳೆದಿಟ್ಯಾ ಮಗಾ, ಅಂತ. ನಾನು ಹೂಂ ಅಂದೆ." ಗಾರ್ಡ್ ಒಳಗೆ ಬಂದು ಅವಳ ತೋಳು ಹಿಡಿದ. "ತೊಳೆದಿರ್ಲಿಲ್ಲ."

ಅದನ್ನು ಯಾರೂ ಬರೆದುಕೊಳ್ಳಲಿಲ್ಲ.